‘ಮೌಡಿ’: ಪ್ರೇಮಕಥೆಯಲ್ಲಿ ಕಳೆದುಹೋದ ಲೆಕ್ಕಗಳು

ಅಂಗವಿಕಲ ಕಲಾವಿದೆಯೊಬ್ಬರ ಬಗ್ಗೆ ಬರೆಯಬೇಕು ಅಂದ್ರೆ ನಮ್ಮ ಮಾಧ್ಯಮಗಳಲ್ಲಿ ತಲೆಬರಹ ಮೊದಲೇ ರೆಡಿ ಇರುತ್ತೆ: ‘ಅಂಗವೈಕಲ್ಯ ಮೆಟ್ಟಿ ನಿಂತ ಸಾಧಕಿ’. ಡೆಸ್ಕಿನಲ್ಲಿ ಕೂತು ನಾನೂ ಇಂಥ ಸಾಲು ಬರೆದಿದ್ದೇನೆ. ‘ಮೌಡಿ’ ಸಿನಿಮಾ ನೋಡಿ, ಅದರ ಹಿಂದಿರುವ ಮೌಡ್ ಲೂಯಿಸ್ ಅವರ ನಿಜ ಬದುಕಿನ ಬಗ್ಗೆ ಓದಿದ ಮೇಲೆ ಆ ಸಾಲು ಏನೆಲ್ಲ ಮುಚ್ಚಿಡುತ್ತೆ ಅನ್ನೋದು ಅರ್ಥವಾಯಿತು.

ಸಿನಿಮಾದಲ್ಲಿ ಏನಿದೆ?

2016ರ ಈ ಚಿತ್ರದ ನಿರ್ದೇಶಕಿ ಐರ್ಲೆಂಡಿನ ಆಶ್ಲಿಂಗ್ ವಾಲ್ಶ್. ಚಿತ್ರಕಥೆ ಶೆರ್ರಿ ವೈಟ್ ಅವರದು. ಕಥೆ ನಡೆಯುವುದು ಕೆನಡಾದ ಪೂರ್ವ ಕರಾವಳಿಯ ನೋವಾ ಸ್ಕೋಷಿಯಾದಲ್ಲಿ. ಸಂಧಿವಾತದಿಂದ ಬಳಲುವ ಮೌಡ್ (ಸ್ಯಾಲಿ ಹಾಕಿನ್ಸ್), ಮೀನು ಮಾರುವ ಒರಟ ಎವರೆಟ್‌ನ (ಈಥನ್ ಹಾಕ್) ಮನೆಗೆಲಸಕ್ಕೆ ಸೇರುತ್ತಾಳೆ. ಅವನು ಬೈತಾನೆ, ಒಮ್ಮೆ ಹೊಡೀತಾನೆ. ಆಮೇಲೆ ಮದುವೆ, ನಿಧಾನಕ್ಕೆ ಪ್ರೀತಿ. ಅವಳು ಮನೆಯ ಗೋಡೆ, ಕಿಟಕಿಗಳ ಮೇಲೆಲ್ಲ ಹೂವು ಹಕ್ಕಿ ಬಿಡಿಸುತ್ತಾಳೆ. 2018ರ ಕೆನಡಿಯನ್ ಸ್ಕ್ರೀನ್ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಚಿತ್ರ ಸೇರಿದಂತೆ 7 ಪ್ರಶಸ್ತಿ ಗೆದ್ದಿತು. ಸ್ಯಾಲಿ ಹಾಕಿನ್ಸ್ ನಟನೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ.

ನಿಜವಾದ ಮೌಡ್ ಯಾರು?

ಮೌಡ್ ಹುಟ್ಟಿದ್ದು 20ನೇ ಶತಮಾನದ ಆರಂಭದಲ್ಲಿ, ಯಾರ್ಮತ್ ಊರಿನ ಹತ್ತಿರ. ಬಾಲ್ಯದಲ್ಲೇ ಕಾಣಿಸಿಕೊಂಡ ಸಂಧಿವಾತ ಕೈಬೆರಳು, ಭುಜ, ಕುತ್ತಿಗೆಯನ್ನು ಬಾಗಿಸಿತು. ಕ್ರಿಸ್‌ಮಸ್ ಕಾರ್ಡ್‌ಗಳಿಗೆ ಬಣ್ಣ ಹಚ್ಚೋದನ್ನು ಹೇಳಿಕೊಟ್ಟದ್ದು ಅಮ್ಮ. 1928ರಲ್ಲಿ ಮದುವೆಯಾಗದೆ ಹುಟ್ಟಿದ ಹೆಣ್ಣುಮಗುವನ್ನು ದತ್ತು ಕೊಡಲಾಯಿತು. 1935ರಲ್ಲಿ ಅಪ್ಪ, 1937ರಲ್ಲಿ ಅಮ್ಮ ತೀರಿಕೊಂಡರು. ಆಮೇಲೆ ಡಿಗ್ಬಿಯಲ್ಲಿ ಸಂಬಂಧಿಕರ ಆಸರೆ. 1938ರ ಜನವರಿಯಲ್ಲಿ ಮಾರ್ಷಲ್‌ಟೌನ್‌ನ ಎವರೆಟ್ ಲೂಯಿಸ್ ಜೊತೆ ಮದುವೆ.

ಅವರ ಮನೆ ಸುಮಾರು 13 ಅಡಿಗೆ 12 ಅಡಿ. ಕರೆಂಟ್ ಇಲ್ಲ, ನಲ್ಲಿ ನೀರಿಲ್ಲ. ಸೌದೆ ಒಲೆಯ ಹೊಗೆ, ಬಣ್ಣದ ವಾಸನೆ ಎಲ್ಲ ಅಷ್ಟರೊಳಗೇ. ಕೊನೆಕೊನೆಗೆ ಶ್ವಾಸಕೋಶದ ತೊಂದರೆಯೂ ಶುರುವಾಗಿ, 1970ರ ಜುಲೈನಲ್ಲಿ ಅವರು ತೀರಿಕೊಂಡರು.

ಪಕ್ಕದ ಕಟ್ಟಡದ ಕಥೆ

ನನಗೆ ಮುಖ್ಯ ಅನಿಸಿದ್ದು ಇದು. ಲೂಯಿಸ್ ದಂಪತಿಯ ಮನೆಯ ಪಕ್ಕದಲ್ಲೇ ‘ಪೂರ್ ಫಾರ್ಮ್’ ಇತ್ತು. ದಿಕ್ಕಿಲ್ಲದ ಬಡವರು, ಅಂಗವಿಕಲರು, ಮಾನಸಿಕ ಕಾಯಿಲೆ ಇದ್ದವರನ್ನೆಲ್ಲ ಒಟ್ಟಿಗೆ ಇಡುತ್ತಿದ್ದ ಸಾರ್ವಜನಿಕ ಆಶ್ರಯಧಾಮ ಅದು. ಎವರೆಟ್ ಅಲ್ಲಿ ಕಾವಲುಗಾರನಾಗಿ ದುಡಿದವನು.

ಆ ಕಾಲದಲ್ಲಿ ಆಸ್ತಿಯಿಲ್ಲದ ಅಂಗವಿಕಲ ಹೆಣ್ಣಿಗೆ ಮೂರೇ ದಾರಿ: ನೆಂಟರ ಮನೆ, ಇಂಥದ್ದೊಂದು ಕಟ್ಟಡ, ಇಲ್ಲಾ ಮದುವೆ. ಇದನ್ನು ಗೊತ್ತುಮಾಡಿಕೊಂಡು ನೋಡಿದರೆ, ಹೊಡೆದವನ ಮನೆಯಲ್ಲೇ ಆಕೆ ಉಳಿದದ್ದು ಬೇರೆಯದೇ ಥರ ಕಾಣುತ್ತೆ. ಸಿನಿಮಾ ಅದನ್ನು ಒರಟ ಗಂಡಸು ಮೆತ್ತಗಾಗುವ ಕಥೆ ಮಾಡುತ್ತೆ. ಆಕೆಗೆ ಬಿಟ್ಟುಹೋಗಲು ಜಾಗವೇ ಇರಲಿಲ್ಲ ಅನ್ನೋದು ಹಿನ್ನೆಲೆಗೆ ಸರಿಯುತ್ತೆ. ಜೀವನಚರಿತ್ರೆ ಬರೆದ ಲಾನ್ಸ್ ವೂಲಾವರ್ ಚಿತ್ರಿಸುವ ಎವರೆಟ್ ಸಿನಿಮಾದವನಿಗಿಂತ ಕಠೋರ, ಜಿಪುಣ.

ದುಡ್ಡು ಎಲ್ಲಿಗೆ ಹೋಯಿತು?

ರಸ್ತೆ ಬದಿಯ ಆ ಮನೆಗೆ ಪ್ರವಾಸಿಗರು ಬಂದು ಚಿತ್ರ ಕೊಳ್ಳುತ್ತಿದ್ದರು. ಬೆಲೆ ಮೊದಮೊದಲು 2-3 ಡಾಲರ್, ಆಮೇಲೆ 5. 1960ರ ದಶಕದ ಮಧ್ಯದಲ್ಲಿ ‘ಸ್ಟಾರ್ ವೀಕ್ಲಿ’ ಪತ್ರಿಕೆ, ಸಿಬಿಸಿ ಟಿವಿಯಲ್ಲಿ ಸುದ್ದಿಯಾದ ಮೇಲೆ ಬೇಡಿಕೆ ಪೂರೈಸಲಾಗದಷ್ಟು ಏರಿತು. ಬೆಲೆ ಮಾತ್ರ 10 ಡಾಲರ್ ದಾಟಿದ್ದು ಅಪರೂಪ. 2022ರಲ್ಲಿ ಅವರ ‘ಬ್ಲ್ಯಾಕ್ ಟ್ರಕ್’ ಚಿತ್ರ ಹರಾಜಿನಲ್ಲಿ 3,50,000 ಕೆನಡಿಯನ್ ಡಾಲರ್‌ಗೆ ಹೋಯಿತು. ಸ್ಯಾಂಡ್‌ವಿಚ್‌ಗೆ ಬದಲಾಗಿ ಕೈಬದಲಾದ ಚಿತ್ರ ಅಂತಲೇ ಅದು ಸುದ್ದಿಯಾಗಿತ್ತು. ಈ ಸುದ್ದಿಯನ್ನು ಎಲ್ಲರೂ ಮಜವಾಗಿ ಹಂಚಿಕೊಂಡರು. ನನಗೆ ಅದು ಮಜಾ ಅನಿಸಲಿಲ್ಲ. ಗೀಚಿ ಗೀಚಿ ಕೈ ಸೋತ ಕಾಲದಲ್ಲಿ ಒಂದು ನಲ್ಲಿ, ಒಂದು ಬಲ್ಬು ಆಕೆಗೆ ಸಿಗಲಿಲ್ಲವಲ್ಲ?

ದೇಹ ಮತ್ತು ಕಲೆ

ಮೌಡ್ ಚಿತ್ರಗಳು ಹೆಚ್ಚಿನವು ಚಿಕ್ಕವು, ಕೈ ಎಷ್ಟು ದೂರ ಚಾಚುತ್ತೋ ಅಷ್ಟೇ. ಬಣ್ಣಗಳನ್ನು ಬೆರೆಸದೆ ನೇರ ಹಚ್ಚುತ್ತಿದ್ದರು. ಕರಿ ಬೆಕ್ಕು, ಜೋಡೆತ್ತು, ಹಿಮದ ಗಾಡಿ, ದೋಣಿ, ಯಾವುದಕ್ಕೂ ನೆರಳಿಲ್ಲ. ಇಲ್ಲಿ ಅಂಗವೈಕಲ್ಯವನ್ನು ‘ಮೆಟ್ಟಿ’ ನಿಂತದ್ದು ಎಲ್ಲಿ? ಆ ದೇಹ ಏನು ಮಾಡಬಲ್ಲದೋ ಅದನ್ನೇ ಆಧರಿಸಿ ಆಕೆ ತನ್ನ ಶೈಲಿ ಕಟ್ಟಿಕೊಂಡರು. ಮೆಟ್ಟಬೇಕಿದ್ದದ್ದು ಬಡತನವನ್ನು, ಅದು ಆಕೆಯೊಬ್ಬರಿಂದ ಆಗುವ ಕೆಲಸ ಆಗಿರಲಿಲ್ಲ.

ಆ ಪುಟ್ಟ ಮನೆ ಈಗ ಹ್ಯಾಲಿಫ್ಯಾಕ್ಸ್‌ನ ಕಲಾ ಗ್ಯಾಲರಿಯೊಳಗಿದೆ. 1984ರಲ್ಲಿ ಪ್ರಾಂತ್ಯ ಸರ್ಕಾರವೇ ಕೊಂಡು ಉಳಿಸಿತು. ಆಕೆ ಸತ್ತು 14 ವರ್ಷದ ಮೇಲೆ ಸರ್ಕಾರಕ್ಕೆ ಆ ಮನೆ ಕಂಡಿತು.

‘ಮೌಡಿ’ ಖಂಡಿತ ನೋಡಿ. ನೋಡುವಾಗ ಆ ಪಕ್ಕದ ಕಟ್ಟಡ ನೆನಪಿರಲಿ. ಇನ್ನೊಮ್ಮೆ ಇಂಥ ಕಲಾವಿದೆಯ ಬಗ್ಗೆ ಬರೆಯುವಾಗ ನಾನು ಮೊದಲು ಕೇಳಬೇಕಾದ್ದು ಎರಡು: ಪಿಂಚಣಿ ಬರುತ್ತಾ? ಚಿತ್ರ ಮಾರಿದ ದುಡ್ಡು ಯಾರ ಕೈ ಸೇರುತ್ತೆ? ತಲೆಬರಹ ಆಮೇಲೆ.