ಹೆಸರು ಅವಳದು, ಭತ್ತ ಯಾರದು?

ಆಫ್ರಿಕಾ ಖಂಡದ ಪಶ್ಚಿಮ ತುದಿಯಲ್ಲಿ ಗ್ಯಾಂಬಿಯಾ ಎಂಬ ದೇಶವಿದೆ. ನಮ್ಮ ಬೆಳಗಾವಿ ಜಿಲ್ಲೆಗಿಂತಲೂ ಚಿಕ್ಕದು. ದೇಶದ ನಡುವೆ ಒಂದು ನದಿ ಹರಿಯುತ್ತದೆ, ಅದರ ಎರಡೂ ಬದಿಗೆ ಹಳ್ಳಿಗಳು. ವಿದೇಶಿ ನೆರವಿನ ಯೋಜನೆಗಳಲ್ಲಿ ಹೆಣ್ಣುಮಕ್ಕಳಿಗೆ ಏನಾಯಿತು ಎಂದು ತಿಳಿಯಲು ಈ ದೇಶದ ಭತ್ತದ ಕತೆಯೊಂದೇ ಸಾಕು.

ಅಲ್ಲಿನ ಮಂಡಿಂಕಾ ಜನರಲ್ಲಿ ಎತ್ತರದ ಒಣ ಹೊಲ ಗಂಡಸರದು. ಅಲ್ಲಿ ಶೇಂಗಾ, ಸಜ್ಜೆ ಬೆಳೆಯುತ್ತಾರೆ. ನದಿ ಪಕ್ಕದ ಜೌಗು ನೆಲದಲ್ಲಿ ಭತ್ತ ಬೆಳೆಯುವವರು ಹೆಂಗಸರು. ಶೇಂಗಾ ಮಾರಿದರೆ ದುಡ್ಡು, ಭತ್ತ ಇದ್ದರೆ ಮನೆಯಲ್ಲಿ ಊಟ.

ಅವರಲ್ಲಿ ಜಮೀನಿಗೆ ಎರಡು ಹೆಸರುಗಳಿವೆ. ಇಡೀ ಮನೆಗೆ ಸೇರಿದ ಹೊಲ 'ಮರುವೊ'. ಅದರಲ್ಲಿ ಎಲ್ಲರೂ ದುಡಿಯಬೇಕು, ಫಸಲು ಮನೆ ಯಜಮಾನನ ಕೈಗೆ. ಒಬ್ಬರ ಸ್ವಂತದ್ದು 'ಕಮನ್ಯಾಂಗೊ'. ಅದರ ಫಸಲನ್ನು ಬೆಳೆದವರೇ ಇಟ್ಟುಕೊಳ್ಳಬಹುದು, ಮಾರಬಹುದು. ಜೌಗು ನೆಲವನ್ನು ತಾನೇ ಕಡಿದು ಹಸನು ಮಾಡಿದ ಹೆಂಗಸಿಗೆ ಅದು ಸ್ವಂತದ ಗದ್ದೆ. ತಾಯಿಯಿಂದ ಮಗಳಿಗೂ ಅದು ಹೋಗುತ್ತಿತ್ತು.

1965ರಲ್ಲಿ ದೇಶ ಸ್ವತಂತ್ರವಾಯಿತು. ಹೊರಗಿನಿಂದ ಅಕ್ಕಿ ತರಿಸುವುದನ್ನು ಕಡಿಮೆ ಮಾಡಬೇಕೆಂದು ಸರ್ಕಾರ ನೀರಾವರಿಗೆ ಕೈಹಾಕಿತು. ಮೊದಲು ತೈವಾನ್‌ನಿಂದ, ಆಮೇಲೆ ವಿಶ್ವಬ್ಯಾಂಕ್‌ನಿಂದ, ನಂತರ ಚೀನಾದಿಂದ ನೆರವು ಬಂತು. ಪಂಪು, ಬೀಜ, ಗೊಬ್ಬರ, ಸಾಲ, ತರಬೇತಿ ಎಲ್ಲವೂ ಬಂದವು. ಆದರೆ ಬಂದ ತಜ್ಞರು ರೈತ ಎಂದರೆ ಗಂಡಸು ಎಂದುಕೊಂಡಿದ್ದರು. ತಲೆಮಾರುಗಳಿಂದ ಭತ್ತ ಬೆಳೆದವರನ್ನು ಬಿಟ್ಟು, ಗಂಡಸರನ್ನು ಕರೆದು ಭತ್ತದ ಪಾಠ ಹೇಳಿದರು. ನೀರಾವರಿ ಗದ್ದೆಯೂ ಗಂಡಸರ ಪಾಲಾಯಿತು. ನಾಟಿಗೆ, ಕಳೆಗೆ ಮಾತ್ರ ಹೆಂಗಸರು ಬೇಕಾದರು. ವರ್ಷಕ್ಕೆ ಎರಡು ಬೆಳೆ ತೆಗೆಯುವ ಲೆಕ್ಕಾಚಾರ ಅಂದುಕೊಂಡಂತೆ ಕೈಗೂಡಲಿಲ್ಲ. ಜೆನಿ ಡೇ ಎಂಬ ಸಂಶೋಧಕಿ ಆ ಹಳ್ಳಿಗಳನ್ನು ಅಧ್ಯಯನ ಮಾಡಿ 1981ರಲ್ಲಿ ಇದನ್ನೆಲ್ಲ ಬರೆದರು.

ಅಷ್ಟರಲ್ಲಿ ಜಗತ್ತಿನ ಬೇರೆ ಕಡೆಯೂ ಇದೇ ಮಾತು ಎದ್ದಿತ್ತು. 1970ರಲ್ಲಿ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ ಒಂದು ಪುಸ್ತಕ ಬರೆದು, ಹೊಸ ಬೇಸಾಯ ಬಂದ ಕಡೆ ಹೆಂಗಸರು ಹಿಂದೆ ಬೀಳುತ್ತಿದ್ದಾರೆ ಎಂದು ತೋರಿಸಿದರು. 1973ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಕಾನೂನು ತಿದ್ದಿ, ಯೋಜನೆಗಳಲ್ಲಿ ಮಹಿಳೆಯರನ್ನು ಸೇರಿಸಬೇಕು ಎಂದಿತು. 1975ರಲ್ಲಿ ಮೆಕ್ಸಿಕೊದಲ್ಲಿ ವಿಶ್ವಸಂಸ್ಥೆಯ ಮೊದಲ ಮಹಿಳಾ ಸಮ್ಮೇಳನ ನಡೆಯಿತು.

ಹೀಗಾಗಿ 1984ರಲ್ಲಿ ಗ್ಯಾಂಬಿಯಾದ ಜಹಾಲಿ ಮತ್ತು ಪಚಾರ್ ಜೌಗು ಪ್ರದೇಶದಲ್ಲಿ ದೊಡ್ಡ ಯೋಜನೆ ಶುರುವಾದಾಗ, ಹಣ ಕೊಟ್ಟವರು ಹಳೆಯ ತಪ್ಪು ಆಗಬಾರದು ಎಂದು ಪಟ್ಟು ಹಿಡಿದರು. ವಿಶ್ವಸಂಸ್ಥೆಯ ಕೃಷಿ ಅಭಿವೃದ್ಧಿ ನಿಧಿ ಇದರ ಮುಂದಾಳು. ಗದ್ದೆಗಳು ಹೆಂಗಸರ ಹೆಸರಿಗೇ ದಾಖಲಾದವು. ಕಾಗದದ ಮೇಲೆ ಗೆಲುವು.

ಆದರೆ ಮನೆ ಯಜಮಾನರು ಒಂದು ಮಾತು ಹೇಳಿದರು: ಹೆಸರು ಅವಳದಿರಲಿ, ಗದ್ದೆ ಮಾತ್ರ ಮರುವೊ. ಅಂದರೆ ದುಡಿಮೆ ಅವಳದು, ಫಸಲು ಯಜಮಾನನದು. ವರ್ಷವಿಡೀ ಎರಡು ಬೆಳೆಗೆ ಆಳು ಸಿಗಬೇಕಿತ್ತು. ಆದ್ದರಿಂದ ಯೋಜನೆಯವರೂ ಇದಕ್ಕೆ ಅಡ್ಡ ಬರಲಿಲ್ಲ. ಮೊದಲು ಮಳೆಗಾಲದಲ್ಲಿ ಒಂದು ಬೆಳೆ ಮುಗಿಸಿದರೆ ಬಿಡುವಿತ್ತು. ಈಗ ಬೇಸಿಗೆಯಲ್ಲೂ ಕೆಸರಲ್ಲಿ ಬಗ್ಗಬೇಕು. ಸ್ವಂತದ ಗದ್ದೆಯೂ ಹೋಯಿತು, ಅದರ ಕಾಸೂ ಹೋಯಿತು.

ಹೆಂಗಸರು ಸುಮ್ಮನೆ ಕೂರಲಿಲ್ಲ. ಕೆಲವರು ಮನೆಯ ಗದ್ದೆಯಲ್ಲಿ ದುಡಿಯಲು ಒಪ್ಪಲಿಲ್ಲ. ಕೆಲವರು ದುಡಿದಿದ್ದಕ್ಕೆ ಭತ್ತದಲ್ಲಿ ಪಾಲು ಕೇಳಿ ಪಡೆದರು. ಇನ್ನು ಕೆಲವರು ಗುಂಪು ಕಟ್ಟಿಕೊಂಡು ಬೇರೆಯವರ ಗದ್ದೆಗೆ ನಾಟಿ ಕೂಲಿಗೆ ಹೋದರು. ಜುಡಿತ್ ಕಾರ್ನಿ ಎಂಬ ಭೂಗೋಳ ಅಧ್ಯಯನಕಾರ್ತಿ ಈ ಜಗಳಗಳನ್ನು ದಾಖಲಿಸಿದ್ದಾರೆ.

ಅದೇ 1984ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನಲ್ಲಿ ಒಂದು ಸಭೆ ಸೇರಿತು. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಕರೆದ ಸಭೆ ಅದು. ಬಡ ದೇಶಗಳ ಮಹಿಳೆಯರು ಅಲ್ಲಿ ಕಟ್ಟಿದ ಸಂಘಟನೆಯ ಹೆಸರು ಡಾನ್. ಹೆಂಗಸರನ್ನು ಯೋಜನೆಗೆ ಸೇರಿಸಿದರಷ್ಟೇ ಸಾಲದು, ಆ ಯೋಜನೆ ಯಾರಿಗಾಗಿ, ಎಂಥದ್ದು ಎಂದು ಕೇಳಬೇಕು ಎಂಬುದು ಅವರ ವಾದ. ಮರುವರ್ಷ ನೈರೋಬಿಯ ವಿಶ್ವ ಸಮ್ಮೇಳನಕ್ಕೆ ಈ ವಾದ ಹೋಯಿತು. 1995ರಲ್ಲಿ ಬೀಜಿಂಗ್ ಸಮ್ಮೇಳನ, ಪ್ರತಿ ಯೋಜನೆಯಿಂದಲೂ ಹೆಣ್ಣಿಗೇನು, ಗಂಡಿಗೇನು ಎಂದು ತೀರ್ಮಾನಕ್ಕೆ ಮೊದಲೇ ನೋಡಬೇಕು ಎಂದು ಸರ್ಕಾರಗಳಿಗೆ ಹೇಳಿತು.

ನಮ್ಮಲ್ಲೂ ವಿದೇಶಿ ನೆರವಿನಿಂದ ಒಂದು ಬೇರೆ ಬಗೆಯ ಕೆಲಸ ನಡೆದಿತ್ತು. 1989ರಲ್ಲಿ ನೆದರ್‌ಲೆಂಡ್ಸ್ ಹಣದಿಂದ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಮಹಿಳಾ ಸಮಖ್ಯಾ ಶುರುವಾಯಿತು. ಅಲ್ಲಿ ಮೊದಲು ಸಂಘ, ಆಮೇಲೆ ಕೆಲಸ. ಏನು ಕಲಿಯಬೇಕು, ಯಾವುದಕ್ಕೆ ಹೋರಾಡಬೇಕು ಎಂಬುದನ್ನು ಸಂಘದ ಹೆಂಗಸರೇ ತೀರ್ಮಾನಿಸಬೇಕಿತ್ತು.

ಗ್ಯಾಂಬಿಯಾದ ಕತೆ ನಮಗೆ ದೂರದ್ದಲ್ಲ. 1994ರಲ್ಲೇ ಕರ್ನಾಟಕ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಆದರೆ ಪಹಣಿಯಲ್ಲಿ ಹೆಸರಿದ್ದವರ ಕೈಗೇ ಬೆಳೆಯ ದುಡ್ಡು ಬರುತ್ತದೆಯೇ? ಮುಂದಿನ ಸಲ ಊರಿಗೆ ಯೋಜನೆ ಬಂದಾಗ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ತರಬೇತಿಗೆ ಯಾರನ್ನು ಕರೆದರು? ಕೆಲಸ ಯಾರಿಗೆ ಹೆಚ್ಚಾಯಿತು? ಫಸಲು ಮಾರಿದ ಹಣ ಯಾರ ಖಾತೆಗೆ ಬಿತ್ತು? ಜಹಾಲಿಯಲ್ಲಿ ದಾಖಲೆ ಬರೆಯುವ ಮೊದಲೇ ಈ ಮೂರಕ್ಕೂ ಉತ್ತರ ಸಿಕ್ಕಿದ್ದರೆ ಆ ಹೆಂಗಸರು ಗದ್ದೆ ಕಳೆದುಕೊಳ್ಳುತ್ತಿರಲಿಲ್ಲವೇನೋ.