ಈಸಿ ಒತ್ತಿದರೆ ಅವಮಾನವಾ?

ಪುಂಜಾಲಕಟ್ಟೆಯಿಂದ ಮಾತಾಡ್ತಿದ್ದೇನೆ. ಹಾರರ್ ಗೇಮ್ ಶುರುವಾಗುವ ಮೊದಲು ಒಂದು ಪ್ರಶ್ನೆ ಬರ್ತದೆ: ಈಸಿಯಾ, ನಾರ್ಮಲ್ಲಾ, ಹಾರ್ಡಾ? ಈಸಿ ಒತ್ತಿದ ತಮ್ಮನನ್ನು ನಾನು ಎಷ್ಟು ತಮಾಷೆ ಮಾಡಿದೆನೆಂದರೆ, ಅವನು ಆಟವನ್ನೇ ಬಿಟ್ಟ. ಆಮೇಲೆ ಈ ಪ್ರಶ್ನೆಯ ಚರಿತ್ರೆ ಹುಡುಕಿದೆ.

1996ರ ‘ರೆಸಿಡೆಂಟ್ ಈವಿಲ್’ನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಜಿಲ್ ಎಂಟು ಸಾಮಾನು ಹೊರುತ್ತಾಳೆ, ಕ್ರಿಸ್ ಆರೇ. ಗುಂಡು ಕಮ್ಮಿ, ಸೇವ್ ಮಾಡ್ಲಿಕ್ಕೂ ಟೈಪ್‌ರೈಟರ್ ರಿಬ್ಬನ್ ಖರ್ಚು. ಬಿಕಾಂ ಓದಿದ ನನಗೆ ಅದು ಕ್ಯಾಶ್‌ಬುಕ್ಕಿನಂತೆ ಕಂಡಿತು. ಬ್ಯಾಲೆನ್ಸ್ ಇಳಿದಂತೆ ಭಯ ಏರುತ್ತದೆ. ಅಮೆರಿಕಕ್ಕೆ ಹೋದ ಆಟವನ್ನು ಕಂಪೆನಿ ಜಪಾನಿನದ್ದಕ್ಕಿಂತ ಕಷ್ಟ ಮಾಡಿತು. ಅಲ್ಲಿ ಡಿಸ್ಕ್ ಬಾಡಿಗೆಗೆ ಸಿಗ್ತಿತ್ತು. ಎರಡೇ ದಿನದಲ್ಲಿ ಮುಗಿದರೆ ಕೊಳ್ಳುವವರು ಯಾರು? ನಾವು ಶೌರ್ಯ ಅಂದುಕೊಂಡದ್ದರ ಹಿಂದೆ ವ್ಯಾಪಾರದ ಲೆಕ್ಕವೂ ಇತ್ತು.

2001ರ ‘ಸೈಲೆಂಟ್ ಹಿಲ್ 2’ ಹೊಡೆದಾಟಕ್ಕೊಂದು, ಒಗಟಿಗೊಂದು ಮಟ್ಟ ಕೊಟ್ಟಿತು. 2002ರಲ್ಲಿ ಹೊಸದಾಗಿ ಮಾಡಿದ ‘ರೆಸಿಡೆಂಟ್ ಈವಿಲ್’ ಬೇರೆಯೇ ರೀತಿ ಕೇಳಿತು: ಆಟವೆಂದರೆ ನಿಮಗೆ ಪರ್ವತಾರೋಹಣವಾ, ಆರಾಮದ ಚಾರಣವಾ? ನಮ್ಮ ಗಡಾಯಿಕಲ್ಲು ಹತ್ತಿದವರಿಗೆ ಗೊತ್ತುಂಟು, ಮಧ್ಯೆ ಕೂತು ಸುಧಾರಿಸಿಕೊಂಡವನಿಗೂ ತುದಿಯ ಗಾಳಿ ಅದೇ.

2005ರ ‘ರೆಸಿಡೆಂಟ್ ಈವಿಲ್ 4’ ಇನ್ನೂ ಜಾಣ. ನೀವು ಸೋಲ್ತಾ ಇದ್ದರೆ ಗುಟ್ಟಾಗಿ ಸುಲಭವಾಗ್ತದೆ. ಅದನ್ನು ನಾರ್ಮಲ್‌ನಲ್ಲಿ ಗೆದ್ದು ಜಂಬ ಪಟ್ಟವನು ನಾನು. ಆಟ ನನಗೆ ಎಷ್ಟು ರಿಯಾಯಿತಿ ಕೊಟ್ಟಿತ್ತೋ!

ಮೊನ್ನೆ ತಮ್ಮನ ಕೈಗೆ ಕಂಟ್ರೋಲರ್ ಕೊಟ್ಟೆ. ಅವನು ನನ್ನ ಮುಖ ನೋಡಿ ಈಸಿ ಒತ್ತಿದ. ಮೊದಲ ಬಾಗಿಲು ತೆರೆದಾಗ ಇಬ್ಬರೂ ಬೆಚ್ಚಿಬಿದ್ದೆವು.