ಟಪಾಲಿಗೊಂದು ಸಾಣಿಗೆ

ಅಮೆರಿಕದ ಅರ್ಪಾನೆಟ್ ಜಾಲದಲ್ಲಿ 1978ರ ಮೇ 3ರಂದು ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಮಾರಾಟಗಾರ ಸುಮಾರು ನಾಲ್ಕು ನೂರು ಮಂದಿಗೆ ಒಂದೇ ಜಾಹೀರಾತು ಕಳಿಸಿದ. ಕರೆಯದೆ ಬರುವ ಇ-ಮೇಲ್, ಅಂದರೆ 'ಸ್ಪ್ಯಾಮ್', ಅಲ್ಲಿಂದ ಶುರುವಾಯಿತೆನ್ನುತ್ತಾರೆ. ಬೈಗುಳ ಬಂದರೂ ವ್ಯಾಪಾರ ಕುದುರಿತೆಂದು ಆತ ಹೇಳಿಕೊಂಡದ್ದುಂಟು. ರೋಗ ಹರಡಿದ್ದು ಅದರಿಂದಲೇ!

ಇದಕ್ಕೆ ಜಸ್ಟಿನ್ ಮೇಸನ್ 2001ರಲ್ಲಿ ಹೊರತಂದ 'ಸ್ಪ್ಯಾಮ್‌ಅಸಾಸಿನ್' ಒಂದು ಸಾಣಿಗೆ. ಪತ್ರದ ಒಂದೊಂದು ಸಂಶಯದ ಲಕ್ಷಣಕ್ಕೂ ಅದು ಅಂಕ ಹಾಕುತ್ತದೆ. ಒಟ್ಟು 5 ಮುಟ್ಟಿದರೆ ಕಸವೆಂದು ಗುರುತು ಹಚ್ಚುತ್ತದೆ. ಅಳಿಸುವುದಿಲ್ಲ, ಅದು ಬೇರೆಯವರ ಕೆಲಸ. ಈ ಐದನ್ನು ಬದಲಿಸಲು 'ಲೋಕಲ್ ಡಾಟ್ ಸಿಎಫ್' ಎಂಬ ಸಾದಾ ಕಡತದಲ್ಲಿ ಒಂದು ಸಾಲು ಬರೆದರಾಯಿತು.

ಸಾಲು ಸಣ್ಣದು, ಪರಿಣಾಮ ಸಣ್ಣದಲ್ಲ. ಐದನ್ನು ಎಂಟು ಮಾಡಿದರೆ ಕಸ ಒಳಗೆ ನುಗ್ಗುತ್ತದೆ. ಮೂರಕ್ಕಿಳಿಸಿದರೆ ಹೊಟ್ಟಿನ ಜೊತೆ ಕಾಳೂ ಹೋದೀತು: ಭೀಮಾ ತೀರದ ದೇವಣಗಾಂವದ ಹುಡುಗನಿಗೆ ಬೆಂಗಳೂರಿನಿಂದ ಬಂದ ಸಂದರ್ಶನದ ಕರೆ ಕಸದ ಗುಂಪು ಸೇರಿದರೆ, ತಾರೀಖು ದಾಟಿದ ಮೇಲೆ ಯಾರನ್ನು ಕೇಳುವುದು? ನಂಬಿದವರ ವಿಳಾಸಗಳನ್ನು ಅದೇ ಕಡತದಲ್ಲಿ ಬರೆದಿಡಬಹುದು, ನಿಜ. ಆದರೆ ಕಳಿಸಿದವರ ವಿಳಾಸವನ್ನೇ ನಕಲು ಮಾಡುವುದು ಸುಲಭ. ಆದ್ದರಿಂದ ಪತ್ರ ಯಾವ ಯಂತ್ರದ ಮೂಲಕ ಬಂತೆಂಬುದನ್ನೂ ಹೊಂದಿಸಿ ನೋಡುವ ಸಾಲು ಬರೆಯುವುದೇ ಜಾಣತನ.